ಮೊಳೆಯಲ್ಲೇ ಉಳಿದ ಚೀಲ

ಮಳೆ ಹೆಚ್ಚಾಗಲಿದೆ ಎಂದು ಪೇಪರಿನಲ್ಲಿ ಓದಿ, ಇವತ್ತು ಟಾರ್ಚು, ಮೇಣದಬತ್ತಿ, ರೇಷನ್ ಕಾರ್ಡನ್ನು ಒಂದು ಬ್ಯಾಗಿಗೆ ತುಂಬುತ್ತಿದ್ದೆ. ಪ್ಲಾಸ್ಟಿಕ್ ಕವರಿನ ವಾಸನೆಗೆ ಹೊಂಗನೂರು ಕಡೆಯ ನಮ್ಮ ಹಳೆಯ ಮನೆ ನೆನಪಾಯಿತು.

ಮನೆ ಕೆರೆ ಏರಿಯ ಕೆಳಗಿತ್ತು. ಮಳೆಗಾಲ ಬಂತೆಂದರೆ ಅಜ್ಜಿ ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ, ಅದರಲ್ಲಿ ಬೆಂಕಿಪೊಟ್ಟಣ, ಹುರಿಗಡಲೆ, ತಮ್ಮ ಉಬ್ಬಸದ ಮಾತ್ರೆ ಕಟ್ಟಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದರು. "ನೀರು ಬಂದ್ರೆ ಇದೊಂದ್ ಎತ್ಕೊಳ್ಳಿ, ಸಾಕು" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಕೆರೆ ಕೋಡಿ ಬಿದ್ದು ಅಂಗಳಕ್ಕೆ ನೀರು ನುಗ್ಗಿತು. ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಗಳೆಂಬ ಅಗಲವಾದ ಬಿದಿರು ತಟ್ಟಿಗಳ ಮೇಲೆ ಆಗಷ್ಟೇ ಬಿಟ್ಟಿದ್ದೆವು. ಇಬ್ಬಿಬ್ಬರು ಒಂದೊಂದು ಚಂದ್ರಿಕೆ ಹಿಡಿದು ದಿಬ್ಬದ ಮೇಲಿನ ಶಾಲೆಗೆ ಸಾಗಿಸಿದೆವು. ಅಜ್ಜಿಯೂ ಒಂದು ತುದಿ ಹಿಡಿದಿದ್ದರು.

ಶಾಲೆ ಮುಟ್ಟಿದ್ದೇ ಅವರಿಗೆ ಉಸಿರು ಎಳೆಯತೊಡಗಿತು.

"ಚೀಲ ಎಲ್ಲವ್ವ?" ಎಂದರು ಅಪ್ಪ.

"ಮೊಳೇಲೇ ಐತೆ ಕಣ್ಲಾ. ನಾನೂ ಹುಳ ಹಿಡ್ಕೊಂಡು ಬಂದ್ಬುಟ್ಟೆ."

ಅಪ್ಪ ಸೊಂಟದುದ್ದ ನೀರಿನಲ್ಲಿ ವಾಪಸು ಹೋದರು. ಅವರು ಚೀಲ ತರುವವರೆಗೂ ಅಮ್ಮ ಅಜ್ಜಿಯ ಬೆನ್ನು ನೀವುತ್ತಲೇ ಇದ್ದರು. ಮಾತ್ರೆ ನುಂಗಿ ಉಸಿರು ತಹಬದಿಗೆ ಬಂದ ಮೇಲೆ ಅಜ್ಜಿಯ ಮೊದಲ ಮಾತು: "ಹುಳ ನೆಂದಿಲ್ಲ ತಾನೆ?"

"ನಿನ್ ಹುಳ ಚೆಂದಾಗವೆ. ನೀನು ಒಸಿ ಸುಮ್ಕೆ ಕೂತ್ಕೊ" ಎಂದು ಅಪ್ಪ ಗದರಿದರು.

ಈಗ ಬ್ಯಾಗು ತುಂಬಿದೆ. ಅಮ್ಮನ ಬಿ.ಪಿ. ಮಾತ್ರೆಯನ್ನು ಮಾತ್ರ ಅದರಲ್ಲಿ ಇಡದೆ, ಅವರ ಸೊಂಟದ ಎಲೆಯಡಿಕೆ ಸಂಚಿಗೇ ಹಾಕಿ ಬಂದೆ.