ಬಾಂಬು ಹೆಕ್ಕುವ ಹಡಗಿನ ಹಿಂದೆ

ನನ್ನ ಮೊಮ್ಮಗಳ ಹಡಗು ಇವತ್ತು ಬೆಳಿಗ್ಗೆ ನಾವಿರುವ ಈ ಕೊಲ್ಲಿ ದೇಶದ ಶುವೈಖ್ ಬಂದರಿಗೆ ಬಂದು ನಿಂತಿತು. ಅವಳು ಅದರಲ್ಲಿ ಥರ್ಡ್ ಆಫೀಸರ್. ಸಂಜೆ ಊಟಕ್ಕೆ ಮನೆಗೆ ಬರಲು ಕ್ಯಾಪ್ಟನ್ ಪಾಸ್ ಕೊಟ್ಟಿದ್ದರು. ಬಿಲ್ಡಿಂಗಿನ ವಾಚ್‌ಮನ್‌ಗೆ, ಕೆಳಗಿನ ಅಂಗಡಿಯವನಿಗೆ, ಲಿಫ್ಟಿನಲ್ಲಿ ಸಿಕ್ಕಿದ ಗುರುತಿಲ್ಲದವರಿಗೆ ಎಲ್ಲ ಹೇಳಿ ಆಯಿತು. ಇನ್ನು ಬರೆದಿಡದಿದ್ದರೆ ನನಗೆ ತಡೆಯದು.

ಅವಳ ಹಡಗು ಬಂದ ನೀರಿನ ದಾರಿ ನನಗೆ ಗೊತ್ತು.

ಇಲ್ಲಿ ಯುದ್ಧ ನಡೆದಾಗ ಕಡಲಲ್ಲಿ, ತಳಕ್ಕೆ ಸರಪಳಿ ಬಿಗಿದು, ಬಾಂಬು ಇಟ್ಟಿದ್ದರು. ಯುದ್ಧ ಮುಗಿದ ವರ್ಷ ಅದನ್ನು ತೆಗೆಯಲು ಹೊರದೇಶದ ನೌಕಾಪಡೆಯ ಒಂದು ಹಡಗು ಬಂತು. ಮರದ ಹಡಗು, ಕಬ್ಬಿಣದ್ದಾದರೆ ಕೆಲವು ಬಾಂಬು ಗುರುತು ಹಿಡಿದು ಸಿಡಿಯುತ್ತವಂತೆ. ಅದು ಹಿಂದೆ ಉದ್ದದ ತಂತಿ ಎಳೆಯುತ್ತ ಹೋಗುವುದು. ತಂತಿಗೆ ಸಿಕ್ಕಿ ಬಾಂಬಿನ ಸರಪಳಿ ತುಂಡಾದರೆ ಬಾಂಬು ಮೇಲೆ ತೇಲುವುದು, ದೂರದಿಂದ ಗುಂಡು ಹೊಡೆದು ಸಿಡಿಸುವುದು. ನಮ್ಮ ಬಲೆ ಎಳೆಯುವ ಕೆಲಸದ ಹಾಗೆಯೇ. ಆದರೆ ನಾವು ಬಲೆ ತುಂಬಲಿ ಅನ್ನುತ್ತೇವೆ, ಅವರು ಖಾಲಿ ಬರಲಿ ಅನ್ನುತ್ತಿದ್ದರು. ತಂತಿ ನೀರಲ್ಲಿರುವಷ್ಟು ಹೊತ್ತು ಅಲ್ಲಿ ಯಾರೂ ಕೆಳಗಿನ ಕೋಣೆಗೆ ಇಳಿಯುವಂತಿರಲಿಲ್ಲ. ಸಿಡಿದರೆ ಕೆಳಗಿದ್ದವನು ಮೇಲೆ ಬರುವುದಿಲ್ಲ.

ನಾನು ಆ ಹಡಗಿನ ಹಿಂದೆ ಹೋಗುವ ಬಾಡಿಗೆ ದೋಣಿಯಲ್ಲಿದ್ದೆ. ಹಡಗು ತಂತಿ ಎಳೆದು ಗುಡಿಸಿದ ಜಾಗದ ಅಂಚಿಗೆ ತೇಲುವ ಬಾವುಟ ಬಿಡುವುದು ನನ್ನ ಕೆಲಸ. ಮುಂದಿನ ಸುತ್ತು ಅಲ್ಲಿಂದಲೇ ಶುರು. ಬಾವುಟಕ್ಕೆ ಭಾರದ ಕಬ್ಬಿಣ ಕಟ್ಟಬೇಕಿತ್ತು. ಒಂದು ದಿನ ನಾನು ಊರಲ್ಲಿ ಬಲೆಗೆ ಕಟ್ಟುವ ಹಾಗೆ ಸಣ್ಣ ಕಲ್ಲು ಕಟ್ಟಿ ಬಿಟ್ಟೆ, ಎತ್ತುವಾಗ ಹಗುರ ಆಗಲಿ ಅಂತ. ಮಧ್ಯಾಹ್ನ ತಿರುಗಿ ಬರುವಾಗ ನೋಡಿದೆ: ಬಿಡುವಾಗ ದಡದ ಗೋಪುರಕ್ಕೆ ಸರೀ ನೇರ ಇದ್ದ ಬಾವುಟ ಈಗ ನೇರ ಇಲ್ಲ. ನೀರಿನ ಸೆಳೆತಕ್ಕೆ ಜಾರಿ ಹೊರಗೆ ಹೋಗಿದೆ. ಹಡಗು ಆ ಜಾರಿದ ಬಾವುಟದಿಂದ ಮುಂದಕ್ಕೆ ಗುಡಿಸಿಯೂ ಆಗಿದೆ. ನಡುವೆ ಒಂದು ಪಟ್ಟಿ ಗುಡಿಸದೆ ಹಾಗೆಯೇ ಉಳಿಯಿತು.

ನಾನು ಬಾಯಿ ಬಿಡಲಿಲ್ಲ. ಕೆಲಸ ಹೋದರೆ ಇಲ್ಲಿ ಇರಲು ಕೊಟ್ಟ ಪರವಾನಗಿ, ಇಕಾಮಾ, ಹೋಗುತ್ತದೆ, ಊರಲ್ಲಿ ಹೆಂಡತಿ, ಸಣ್ಣ ಮಗ. ಮಾರನೆ ಬೆಳಿಗ್ಗೆ ತಡೆಯಲಾಗದೆ ದೋಣಿಯ ಯಜಮಾನ ತಾಂಡೇಲರಿಗೆ ಹೇಳಿದೆ. ಅವರೂ ಕುಂದಾಪುರದ ಕಡೆಯವರೇ. ಬೈಯಲಿಲ್ಲ.

"ಈಗ್ಳೇ ಹೇಳ್ವ ಮಾರಾಯ. ಕೆಲ್ಸ ಹೋರೆ ಇನ್ನೊಂದ್ ಸಿಕ್ಕತ್ತ್. ಹೋದ್ ಜನ ಬತ್ರಾ?"

ತಾಂಡೇಲರು ಹಡಗಿನವರಿಗೆ ತಿಳಿಸಿದರು. ನನ್ನ ಒಂದು ಕಲ್ಲಿಗಾಗಿ ಅಷ್ಟು ದೊಡ್ಡ ಹಡಗು ತಿರುಗಿತು. ಎಲ್ಲರೂ ತೇಲುವ ಜಾಕೆಟ್ ಹಾಕಿ ಮೇಲೆ ನಿಂತರು. ಸ್ವಲ್ಪ ಹೊತ್ತಿಗೆ ತಂತಿ ಜಗ್ಗಿತು. ಕಪ್ಪಗೆ, ಕೊಂಬು ಕೊಂಬಿನದು ಒಂದು ಮೇಲೆ ಬಂತು. ಅದನ್ನು ಸಿಡಿಸಿದಾಗ ನೀರು ಮನೆಯೆತ್ತರ ಎದ್ದು ಬಿತ್ತು. ಆದರೂ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಬಾವುಟಕ್ಕೆ ಕಟ್ಟಲು ಇನ್ನೂ ಭಾರದ ಕಬ್ಬಿಣ ಕೊಟ್ಟರು, ಅಷ್ಟೇ.

ಕೆಲಸ ಮುಗಿದು ಆ ಹಡಗು ಹೋಯಿತು. ಕೆಲವು ವರ್ಷದ ಮೇಲೆ ಅದಕ್ಕೆ ವಯಸ್ಸಾಯಿತೆಂದು ಒಡೆದು ಹಾಕಿದರಂತೆ, ತಾಂಡೇಲರು ಹೇಳಿದರು. ನನಗೆ ಮನೆಯ ಹಿರಿಯರು ತೀರಿಕೊಂಡ ಹಾಗಾಯಿತು.

ಇವತ್ತು ಬೆಳಿಗ್ಗೆ ಮೊಮ್ಮಗಳು, ಹಡಗು ಒಳಗೆ ಹೊರಟಿದೆ ಎಂದು ಮೆಸೇಜ್ ಹಾಕಿದಳು. ಎಲ್ಲ ಬಾಂಬೂ ತೆಗೆದಿದ್ದಾರೆ, ಇಷ್ಟು ವರ್ಷದಲ್ಲಿ ಎಷ್ಟೋ ಹಡಗು ಓಡಾಡಿವೆ. ಆದರೂ ಮಗನ ಜೊತೆ, ಹಡಗಿನ ದಾರಿ ಕಾಣುವ ಶರ್ಕ್‌ನ ದಡಕ್ಕೆ ಹೋಗಿ ಕೂತೆ. ಅವಳ ಹಡಗು ಆ ಗೋಪುರದ ನೇರ ದಾಟುವವರೆಗೂ ನಾನು ಕಣ್ಣು ತೆಗೆಯಲಿಲ್ಲ. ದಾಟಿದ ಮೇಲೆ ಅತ್ತುಬಿಟ್ಟೆ. ಮಗನಿಗೆ ಏನೆಂದು ಅರ್ಥವಾಗಲಿಲ್ಲ. ನೀರು ಕುಡಿಸಿ ಮನೆಗೆ ಕರೆದುಕೊಂಡು ಬಂದ.

ಸಂಜೆ ಅವಳು ಬಂದಳು, ಕಾಲು ಮುಟ್ಟಿದಳು. ಊಟಕ್ಕೆ ಬಟ್ಟಲು ಇಟ್ಟ ಮೇಲೆ ನಾನು ಕಲ್ಲಿನ ಕಥೆ ಎಲ್ಲರೆದುರು ಹೇಳಿದೆ, ಮೊದಲ ಸಲ. ಹೆಂಡತಿ, "ಇಷ್ಟ್ ವರ್ಷ ನಂಗೂ ಹೇಳ್ಲಿಲ್ಲ ಕಾಣಿ" ಎಂದಳು.

ಮೊಮ್ಮಗಳು ನನ್ನ ಕಡೆ ತಿರುಗಿದಳು. "ಅಜ್ಜ, ನಮ್ಮ ಹಡಗಿನ ಚಾರ್ಟಲ್ಲಿ ಆ ಜಾಗ ಸೇಫ್ ಅಂತ ಉಂಟು. ಯಾರು ಹೇಳಿದ್ರಿಂದ ಸೇಫ್ ಆಯ್ತು ಅಂತ ಹಾಕ್ಲಿಲ್ಲ. ಕಂಪ್ಲೇಂಟ್ ಕೊಡ್ವ."

ಸೊಸೆ ನಕ್ಕಳು, ಮಗನೂ ನಕ್ಕ. ಯಾವಾಗಲೂ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ನನ್ನ ಹೆಂಡತಿಯನ್ನು ಮೊಮ್ಮಗಳು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಕುಚ್ಚಲಕ್ಕಿ ಅನ್ನ, ಮಾಂಜಿ ಮೀನಿನ ಸಾರು. ಐದೂ ಜನ ಒಟ್ಟಿಗೆ ಉಂಡೆವು.