ಹಸಿರು ಕಣ್ಣಿನ ಹಕ್ಕಿ

ಗ್ವಾಟೆಮಾಲಾ ಎಂಬ ದೇಶ ನನಗೆ ಪರಿಚಯವಾದದ್ದು ಪ್ಲೇನ್‌ಫೀಲ್ಡ್‌ನ ಲೈಬ್ರರಿಯಲ್ಲಿ. ಗಂಡನ ವೀಸಾದ ಮೇಲೆ ಬಂದ ನನಗೆ ಕೆಲಸ ಮಾಡುವ ಹಾಗಿರಲಿಲ್ಲ. ಅಲ್ಲಿಯ ಇಂಗ್ಲಿಷ್ ಕ್ಲಾಸಿಗೆ ಹೋಗಿ ಕೂರುತ್ತಿದ್ದೆ. ಪಕ್ಕದ ಕುರ್ಚಿಯವಳು ಆ ದೇಶದವಳು, ಮನೆಗಳನ್ನು ಕ್ಲೀನ್ ಮಾಡುತ್ತಿದ್ದಳು.

ಒಂದು ದಿನ ನೋಟ್‌ಬುಕ್ಕಿನಲ್ಲಿ ತನ್ನೂರಿನ ಚಿತ್ರ ಬರೆದಳು. ನಡುವೆ ಸರೋವರ, ಪಕ್ಕದಲ್ಲಿ ಮೂರು ಜ್ವಾಲಾಮುಖಿ, ಇಳಿಜಾರಿನಲ್ಲಿ ಮೆಕ್ಕೆಜೋಳ. ಅಲ್ಲಿ ಹೆಂಗಸರು ತೊಡುವ ಕುಪ್ಪಸಕ್ಕೆ ವಿಪೀಲ್ ಎನ್ನುತ್ತಾರೆ. ಒಂದೊಂದು ಊರಿಗೂ ಒಂದೊಂದು ನಮೂನೆ. ನೋಡಿದರೆ ಸಾಕು, ಯಾವ ಊರಿನವಳೆಂದು ತಿಳಿಯುತ್ತದಂತೆ. ತೀರಿಹೋದ ಅಮ್ಮ ಮಾಡಿದ ವಿಪೀಲನ್ನು ಮರುವಾರ ತಂದಳು. ಮಗ್ಗದ ಒಂದು ತುದಿಯನ್ನು ಮರಕ್ಕೆ, ಇನ್ನೊಂದನ್ನು ಸೊಂಟಕ್ಕೆ ಕಟ್ಟಿಕೊಂಡು ನೇಯ್ದ ಬಟ್ಟೆ, ಮೇಲೆ ಕಸೂತಿಯ ಹಕ್ಕಿಗಳು. ನಾನು ಇಳಕಲ್ಲಿನ ನೇಕಾರರ ಮಗಳು. ಮೊದಲು ಹಿಂಬದಿ ತಿರುಗಿಸಿ ನೋಡಿದೆ. ಒಂದು ಗಂಟೂ ಕಾಣಲಿಲ್ಲ. ಹಕ್ಕಿಗಳಿಗೆಲ್ಲ ಕೆಂಪು ಕಣ್ಣು, ಒಂದಕ್ಕೆ ಮಾತ್ರ ಹಸಿರು. ಕೆಂಪು ದಾರ ಮುಗಿದಿತ್ತಂತೆ.

ಅವಳು ಕೆಲಸಕ್ಕೆ ಹೋಗುತ್ತಿದ್ದ ಮನೆಗಳಲ್ಲಿ ಒಂದು ನಮ್ಮ ಕನ್ನಡದ ಆಂಟಿಯೊಬ್ಬರದು. ಲೆಮಾಂಟ್ ದೇವಸ್ಥಾನದ ಊಟದ ಹಾಲಿನಲ್ಲಿ, "ಮಗ್ಗದವರ ಮನೆ ಹುಡುಗಿಗೆ ಸೀರೆ ಉಡೋಕೇ ಬರಲ್ಲ ನೋಡಿ" ಎಂದು ಹತ್ತು ಜನರೆದುರು ನನ್ನನ್ನು ನೋಡಿ ನಕ್ಕವರು. ಫೋಟೋ ತೆಗೆದು ವಾಪಸ್ ಕೊಡುತ್ತೇನೆಂದು ಅವಳಿಂದ ವಿಪೀಲ್ ಇಸಿದುಕೊಂಡರು, ಕೊಡಲಿಲ್ಲ. ಅವಳು ಮತ್ತೆ ಮತ್ತೆ ಕೇಳಿದಾಗ, ಮೆಷಿನ್ನಿನಲ್ಲಿ ಹಾಳಾಯಿತು, ಬಿಸಾಡಿದೆ ಎಂದರಂತೆ. ಅವಳು ಆ ಮನೆಯ ಕೆಲಸ ಬಿಟ್ಟಳು.

ಆ ದೀಪಾವಳಿಗೆ ಆಂಟಿ ಹೊಸ ಬ್ಲೌಸ್ ಹಾಕಿಕೊಂಡು ಬಂದರು. ಬೆನ್ನ ತುಂಬ ಹಕ್ಕಿಗಳು. ಒಂದರ ಕಣ್ಣು ಹಸಿರು.

"ನಾನೇ ಡಿಸೈನ್ ಮಾಡ್ಸಿದ್ದು ಕಣ್ರೇ" ಎನ್ನುತ್ತಿದ್ದರು.

ಅಲ್ಲೇ ಕೂಗಾಡಿದ್ದರೆ ನಕ್ಕು ಮುಚ್ಚಿಹಾಕುತ್ತಿದ್ದರು. "ಭಾಳ ಚೊಲೊ ಐತ್ರಿ ಆಂಟಿ. ಮಾರ್ಚ್‌ನ್ಯಾಗ ಲೈಬ್ರರಿ ಪ್ರೋಗ್ರಾಮ್ ಐತಿ. ಇದನ್ನ ಹಾಕ್ಕೊಂಡ ಬಂದು ನಮ್ಮ ಬಟ್ಟೆ ಬಗ್ಗೆ ಮಾತಾಡ್ರಿ" ಎಂದೆ. ಉಬ್ಬಿಹೋದರು. ನಾಲ್ಕು ತಿಂಗಳು ಆ ಸಿಟ್ಟನ್ನು ಆರದಂತೆ ಕಾಪಾಡಿಕೊಂಡೆ. ಗ್ವಾಟೆಮಾಲಾದ ಗೆಳತಿಗೆ ಮಾತ್ರ ಎಲ್ಲ ಹೇಳಿದೆ.

ಕಾರ್ಯಕ್ರಮದಲ್ಲಿ ಆಂಟಿ ಮಾತು ಮುಗಿಸಿ ಬೆನ್ನು ತಿರುಗಿಸಿ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು, ಬಾಯಿಪಾಠ ಮಾಡಿಟ್ಟಿದ್ದ ಇಂಗ್ಲಿಷಿನಲ್ಲಿ ಕೇಳಿದೆ: "ಆ ಒಂದು ಹಕ್ಕಿಯ ಕಣ್ಣು ಯಾಕೆ ಹಸಿರು?"

"ಅದು... ಸುಮ್ಮನೆ, ಫ್ಯಾಷನ್."

ಹಿಂದಿನ ಸಾಲಿನಿಂದ ಗೆಳತಿ ಎದ್ದಳು. "ಕೆಂಪು ದಾರ ಮುಗಿದಿತ್ತು. ಅದನ್ನು ಮಾಡಿದವಳು ನನ್ನಮ್ಮ." ಅಮ್ಮ ಅದೇ ವಿಪೀಲ್ ತೊಟ್ಟು ನಿಂತ ಫೋಟೋ ಕೈಯಿಂದ ಕೈಗೆ ಹೋಯಿತು. ಆಂಟಿಯ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ನಾನು ಕಣ್ತುಂಬ ನೋಡಿದೆ.

ಆಂಟಿ ರೆಸ್ಟ್‌ರೂಮಿನಲ್ಲಿ ಬ್ಲೌಸ್ ಬಿಚ್ಚಿ, ಕೋಟ್ ಹಾಕಿಕೊಂಡು ಬಂದು, ಅದನ್ನಿಟ್ಟ ಪ್ಲಾಸ್ಟಿಕ್ ಕವರನ್ನು ನನ್ನ ಕೈಗೆ ತುರುಕಿದರು.

"ಎಲ್ಲರ ಮುಂದೆ ಮರ್ಯಾದೆ ತೆಗೀಬೇಕಿತ್ತಾ? ಬಾಯಿಬಿಟ್ಟು ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ಆಕಿ ಕೇಳಿದ್ಳಲ್ರೀ" ಎಂದೆ.

ಪಾರ್ಕಿಂಗ್ ಲಾಟಿನಲ್ಲಿ ಗೆಳತಿ ಅದನ್ನು ಕಾರಿನ ಮೇಲೆ ಹರಡಿದಳು. ಕತ್ತರಿ ಒಂದು ಹಕ್ಕಿಯ ರೆಕ್ಕೆಯನ್ನೇ ಕತ್ತರಿಸಿತ್ತು. ಮತ್ತೆ ಸೇರಿಸಬಹುದಾ ಎಂದು ನನ್ನನ್ನು ಕೇಳಿದಳು. ಬಟ್ಟೆಯ ವಿಷಯದಲ್ಲಿ ನನಗೆ ಸುಳ್ಳು ಹೇಳಲು ಬರುವುದಿಲ್ಲ. ಇಲ್ಲ ಎಂದೆ.

ಆಂಟಿ ಬಹಳ ತಿಂಗಳು ಲೆಮಾಂಟಿಗೆ ಬರಲಿಲ್ಲ. ಕೆಲವರು ನಮ್ಮನ್ನು ಮನೆಗೆ ಕರೆಯುವುದು ಬಿಟ್ಟರು. ಸ್ವಲ್ಪ ಜಾಸ್ತಿಯಾಯಿತು ಎಂದು ಗಂಡನೂ ಅಂದರು. ನನಗೆ ಇವತ್ತಿಗೂ ಹಾಗನ್ನಿಸಿಲ್ಲ.