ಹೆಸರಿಡಲಾಗದ ಸಗಣಿಹುಳು

ಚಳ್ಳಕೆರೆಯ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದೆ. ಪಾಠ ಹೊಟ್ಟೆಪಾಡು, ಸಗಣಿಹುಳು ಗೀಳು. ಊರಾಚೆಯ ವರವು ಕಾವಲೆಂಬ ಹುಲ್ಲುಗಾವಲಿನಲ್ಲಿ ದನ ಮೇಯಿಸುತ್ತಿದ್ದ ಹಿರಿಯರೊಬ್ಬರ ಪರಿಚಯವಾದದ್ದು ಆ ಗೀಳಿನಿಂದಲೇ. ಕಡ್ಡಿ ಹಿಡಿದು ಸಗಣಿ ಕೆದಕುತ್ತಿದ್ದ ನನ್ನನ್ನು ಕಂಡು ಅವರು ದನಗಳನ್ನು ಬಿಟ್ಟು ಹತ್ತಿರ ಬಂದರು.

"ಏನಮ್ಮಾ, ಕಿವಿ ಓಲೆಗೀಲೆ ಬಿತ್ತಾ?"

"ಇಲ್ಲಣ್ಣಾ, ಹುಳ ನೋಡ್ತಿದೀನಿ."

"ಪೇಡ ಪುರುಗಾ? ಅದ್ರಾಗೆ ನೋಡಾಕೆ ಏನೈತೆ?" ಎಂದರು. ಅವರ ಮನೆಮಾತು ತೆಲುಗು, ಸಗಣಿಹುಳುವಿಗೆ ಆ ಹೆಸರೇ ಬಾಯಿಗೆ ಬಂತು. ಹಾಗೆ ಕೇಳಿದರೂ ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಅಂದಿನಿಂದ ಪ್ರತಿ ಭಾನುವಾರ ಹೊಸ ಸಗಣಿ ಎಲ್ಲಿದೆಯೆಂದು ಅವರೇ ತೋರಿಸತೊಡಗಿದರು.

ಆ ಮುಂಗಾರಿನಲ್ಲಿ ಅವರು ತೋರಿಸಿದ ಒಂದು ಕುಪ್ಪೆಯಲ್ಲಿ ಐದು ಪುಟ್ಟ ಹುಳುಗಳು ಸಿಕ್ಕವು. ಒಂದೊಂದೂ ಸಾಸಿವೆ ಕಾಳಿನಷ್ಟು. ಮೈಕ್ರೋಸ್ಕೋಪಿನ ಕೆಳಗಿಟ್ಟಾಗ ಕಂದು ಮೈ, ಗಟ್ಟಿ ಮೇಲ್ರೆಕ್ಕೆಗಳ ಮೇಲೆ ಉದ್ದುದ್ದ ಗೀರು, ಗೀರುಗಳ ನಡುವೆ ಹಳದಿ ಕೂದಲ ಸಾಲು ಕಂಡವು. ತಲೆಯ ಮುಂದಂಚಿನಲ್ಲಿ ಎರಡು ಹಲ್ಲು, ಮಣ್ಣು ಅಗೆಯುವ ಮುಂಗಾಲಿನ ಅಂಚಿನಲ್ಲಿ ನಾಲ್ಕು. ಮೀಸೆಯ ತುದಿ ಮೂರು ಎಲೆಯಾಗಿ ಬಿಚ್ಚಿಕೊಂಡಿತ್ತು. ಇಷ್ಟರಿಂದ ಅದರ ಕುಟುಂಬ ಗೊತ್ತಾಯಿತು, ಕುಲವೂ ಗೊತ್ತಾಯಿತು. ಪ್ರಭೇದ ಯಾವುದೆಂದು ಹೇಳಬೇಕಾದರೆ ಮಾತ್ರ ಗಂಡಿನ ಹೊಟ್ಟೆಯೊಳಗಿನ ಜನನಾಂಗವನ್ನೇ ನೋಡಬೇಕು. ಹೊರಗೆ ಒಂದೇ ತಾಯಿಯ ಮಕ್ಕಳಂತೆ ಕಾಣುವ ಹುಳುಗಳು ಅಲ್ಲಿ ಬೇರೆಯಾಗುತ್ತವೆ.

ಐದರಲ್ಲಿ ಗಂಡು ಒಂದೇ. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಸೂಜಿಯಿಂದ ಆ ಭಾಗವನ್ನು ಹೊರತೆಗೆದೆ. ಜೇನುಬಣ್ಣದ ಬಾಗಿದ ಕೊಳವೆ, ತುದಿಯಲ್ಲಿ ಎರಡು ಸೀಳು, ಬಲಸೀಳಿನಲ್ಲಿ ಒಂದು ಕೊಕ್ಕೆ. ನನಗೆ ಸಿಕ್ಕ ಯಾವ ಪುಸ್ತಕದ ಚಿತ್ರದಲ್ಲೂ ಆ ಕೊಕ್ಕೆ ಇರಲಿಲ್ಲ. ಚಿತ್ರ ಬರೆದು, ನನಗೆ ಈ ವಿದ್ಯೆ ಕಲಿಸಿದ ಮೇಷ್ಟ್ರಿಗೆ ಕಳಿಸಿದೆ. "ಹೊಸದೇ ಇರಬಹುದು. ಆದರೆ ಒಂದೇ ಗಂಡನ್ನು ನಂಬಿ ಪ್ರಕಟಿಸಬೇಡ. ಕೊಕ್ಕೆ ಜಾತಿಯ ಗುಣವೋ, ಆ ಒಂದು ಹುಳುವಿನ ಊನವೋ ಹೇಗೆ ಹೇಳುತ್ತೀ? ಇನ್ನೆರಡು ಗಂಡು ಹುಡುಕು," ಎಂದು ಬರೆದರು.

ಮರುವರ್ಷ ಹೋದಾಗ ಕಾವಲನ್ನು ಯಾವುದೋ ಸಂಸ್ಥೆಗೆ ಕೊಟ್ಟು ಸುತ್ತ ಗೋಡೆ ಎಬ್ಬಿಸಿದ್ದರು; ನಾವು ಹುಳು ಹೆಕ್ಕಿದ್ದ ಜಾಗ ಅದರ ಆಚೆ ಇತ್ತು. ದನಗಳಿಗೂ ನನಗೂ ಅಲ್ಲಿಗೆ ದಾರಿ ಇರಲಿಲ್ಲ. ಹಿರಿಯರು ದನ ಮಾರಿ, ನಾಲ್ಕು ಕುರಿ ಕಟ್ಟಿಕೊಂಡು ನಮ್ಮ ಜಿಲ್ಲೆಯದೇ ಆದ ಸಿದ್ದಾಪುರದಲ್ಲಿ ಮಗಳ ಮನೆ ಸೇರಿದ್ದರು. ಇನ್ನೂ ಗಂಡು ಬೇಕೆಂದು ಅವರಿಗೂ ಹೇಳಿ, ಮೂರು ಮಳೆಗಾಲ ನಾನು ಸಿದ್ದಾಪುರದ ಬಂಡೆಗಳ ನಡುವೆ, ಬಿ.ಜಿ. ಕೆರೆಯ ಹೊಲಗಳಲ್ಲಿ ಅಲೆದೆ. ಬೇರೆ ಹುಳುಗಳು ಬೇಕಾದಷ್ಟು ಸಿಕ್ಕವು. ಅದು ಸಿಗಲಿಲ್ಲ.

ಅಷ್ಟರಲ್ಲಿ ಮೇಷ್ಟ್ರು ಕೊಕ್ಕೆಯ ಇನ್ನೊಂದು ಮಗ್ಗುಲಿನ ಚಿತ್ರ ಕೇಳಿದರು. ಒಂದು ಮಧ್ಯಾಹ್ನ ಪ್ರಯೋಗಾಲಯದ ಫ್ಯಾನು ಆರಿಸಿ, ಬಾಗಿಲು ಹಾಕಿ, ಗ್ಲಿಸರಿನ್ ಸೀಸೆಯಲ್ಲಿ ಕಾಪಿಟ್ಟಿದ್ದ ಆ ಕೊಕ್ಕೆಯ ಚೂರನ್ನು ಗಾಜಿನ ಮೇಲಿಟ್ಟೆ. ಹೊರಳಿಸಲೆಂದು ಸೂಜಿ ತಾಗಿಸಿದೆ. ಅದು ಚಿಮ್ಮಿತು. ಮಸೂರದ ಕೆಳಗೆ ಬರೀ ಗ್ಲಿಸರಿನ್ ಉಳಿಯಿತು. ಮೇಜು, ಸೆರಗು, ನೆರಿಗೆ, ನೆಲದ ಸಂದುಗಳನ್ನೆಲ್ಲ ಒದ್ದೆ ಬ್ರಷ್ಷಿನಿಂದ ಸವರಿ, ಸವರಿದ ಧೂಳನ್ನೆಲ್ಲ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಕಾಲೇಜು ಮುಚ್ಚುವ ಹೊತ್ತಿಗೆ ಮಂಡಿ ತರಚಿತ್ತು. ನೆಲದ ಮೇಲೆಯೇ ಕೂತು ಅತ್ತೆ. ಯಾರ ಮೇಲೂ ತಪ್ಪು ಹೊರಿಸುವಂತಿರಲಿಲ್ಲ, ಕೈ ನನ್ನದೇ. ಮೇಷ್ಟ್ರಿಗೆ ತಿಳಿಸುವ ಧೈರ್ಯವಾಗದೆ ತಿಂಗಳುಗಟ್ಟಲೆ ಸುಮ್ಮನಿದ್ದೆ.

ಮುಂದಿನ ಮಳೆಗಾಲದಲ್ಲಿ ಹಿರಿಯರೇ ಬಸ್ಸು ಹತ್ತಿ ಕಾಲೇಜಿಗೆ ಬಂದರು. ಟವಲಿನ ಗಂಟಿನಲ್ಲಿ ಒಂದು ಮಾತ್ರೆ ಡಬ್ಬಿ, ಅದರೊಳಗೆ ಮಣ್ಣು, ಹುಳು.

"ಅದೇ ಐತಾ ನೋಡ್ರಿ. ಎಂಟು ದಿನ ಕೂಡಿ ಹಾಕಿವ್ನಿ."

ಒಂದೊಂದನ್ನೂ ನೋಡಿದೆ. ಅವರು ಪಕ್ಕದಲ್ಲೇ ನಿಂತಿದ್ದರು. ಮುಂಗಾಲಿನಲ್ಲಿ ಮೂರೇ ಹಲ್ಲು, ಮೈಮೇಲೆ ಕೂದಲಿಲ್ಲ. ಎಲ್ಲೆಲ್ಲೂ ಸಿಗುವ ಜಾತಿ.

"ಇವು ಬೇರೆ, ಅಣ್ಣಾ."

"ಎಲ್ಲಾನೂ?"

"ಎಲ್ಲಾನೂ."

ಅವರು ಡಬ್ಬಿಯ ಮುಚ್ಚಳ ಹಾಕಿದರು. "ದನದ ಹಿಂದೆ ಇದ್ದಿದ್ದು ಕುರಿ ಹಿಂದೆ ಎಲ್ಲಿಂದ ಬಂದಾತು ಬಿಡ್ರಿ. ಮೊದಲಿಂದು ಒಂದು ಗಂಡು ಐತಲ್ಲ, ಅದನ್ನಾರ ಒಂದ್ಸಲ ತೋರ್ಸ್ರಿ. ಈ ಗಾಜಿನಾಗೆ ನಾನು ನೋಡೇ ಇಲ್ಲ."

"ಅದರಾಗಿನ ಮುಖ್ಯವಾದ ಚೂರು ಕಳೆದ್ಬಿಟ್ಟೆ, ಅಣ್ಣಾ. ನನ್ನ ಕೈಯಿಂದ್ಲೇ ಹೋಯ್ತು."

ಅದನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಚಹಾ ತರಿಸಿದೆ, ಅವರು ಅರ್ಧ ಕುಡಿದು ಲೋಟ ಇಟ್ಟರು. "ಬರ್ತೀನ್ರಿ, ಬಸ್ಸೈತೆ," ಎಂದು ಹೊರಟರು. ಮತ್ತೆ ಬರಲಿಲ್ಲ.

ಅವರು ಹೋದ ಮೇಲೆ ಮೇಷ್ಟ್ರಿಗೂ ಬರೆದೆ. ಅವರ ಉತ್ತರ ಒಂದೇ ಸಾಲು: ಇನ್ನು ಇದನ್ನು ಪ್ರಕಟಿಸಲು ಬರುವುದಿಲ್ಲ.

ನಿವೃತ್ತಿಯ ವಾರ ಒಂದೊಂದು ಸೂಜಿಗೆ ಅಂಟಿಸಿದ ನಾಲ್ಕು ಹೆಣ್ಣು ಹುಳುಗಳ ಪೆಟ್ಟಿಗೆಯನ್ನು ದೂರದ ಒಂದು ಕೀಟಸಂಗ್ರಹಕ್ಕೆ ಕಳಿಸಿದೆ. ಪ್ರತಿ ಸೂಜಿಗೂ ಚೀಟಿ ಬೇಕಿತ್ತು. ಜಾಗದ ಹೆಸರು ಬರೆದೆ, ದನದ ಸಗಣಿ ಎಂದು ಬರೆದೆ. ಕೊನೆಯ ಸಾಲಿನಲ್ಲಿ, ನಾಲ್ಕು ಚೀಟಿಗಳಲ್ಲೂ, "ಹೆಣ್ಣು; ಪ್ರಭೇದ ತಿಳಿಯದು" ಎಂದು ನನ್ನ ಕೈಯಾರೆ ಬರೆದೆ.